ಅಕ್ಕೋಳದ ಇನ್ನೂರು ಕೋಳಿಗಳು

ನಮ್ಮ ಓಣಿಯ ಹುಡುಗಿಯೊಬ್ಬಳು ಈಚೆಗೆ ಬ್ಯಾಂಕಿನ ಕೆಲಸಕ್ಕೆ ಸೇರಿದಳು. ಮೂರನೆಯ ತಿಂಗಳಿಗೇ ಮುಖ ಸಣ್ಣದು ಮಾಡಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತಳು. "ಕಾಕಾ, ಸಾಲ ಕೇಳಾಕ ಬಂದವ್ರಿಗೆಲ್ಲಾ ಒಂದೊಂದು ವಿಮಾ ಪಾಲಿಸಿ ಕಟ್ಟಿ ಕಳಸ್ರಿ ಅಂತ ಮ್ಯಾಲಿನವ್ರು ಬೆನ್ನ ಹತ್ಯಾರ. ಅವ್ರಿಗೆ ಬೇಕೋ ಬ್ಯಾಡೋ, ಯಾರೂ ಕೇಳೂದಿಲ್ಲ. ನಿಮ್ಮ ಕಾಲದಾಗ ಹಿಂಗ ಇರಲಿಲ್ಲ ಬಿಡ್ರಿ" ಅಂದಳು.

ಇತ್ತು ಅಂದೆ. ಅವಳು ನಂಬಲಿಲ್ಲ. ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ತನಗೆ ಅನುಕೂಲವಾದದ್ದನ್ನೇ ಹೇಳುವ ಸಾಕ್ಷಿಯನ್ನು ಎಲ್ಲರಿಗಿಂತ ಕೊನೆಗೆ ನಂಬಬೇಕು ಎಂದು ಅಲ್ಲಿ ಕಲಿಸಿದ್ದರು. ನನ್ನ ನೆನಪು ಅಂಥ ಸಾಕ್ಷಿ. ಬ್ಯಾಂಕಿನ ದಿನಗಳನ್ನು ನೆನೆದಾಗಲೆಲ್ಲ ಅದರಲ್ಲಿ ನಾನು ಧೈರ್ಯವಂತನಾಗಿಯೇ ಕಾಣುತ್ತೇನೆ. ಅದೇ ದಿನಗಳ ಡೈರಿ ತೆಗೆದರೆ "ಹೊಟ್ಟೆ ನೋವು", "ಬಸ್ ತಪ್ಪಿತು", "ಏನೂ ಮಾತಾಡಲಿಲ್ಲ" ಎಂದಿರುತ್ತದೆ. ಎರಡೂ ಹೊಂದದ ಕಡೆ ಹೊಂದುವುದಿಲ್ಲ ಎಂದೇ ಬರೆಯುತ್ತೇನೆ.

ವಿಮೆ ಕೆಟ್ಟದ್ದೆಂದು ನಾನು ಹೇಳಲಾರೆ. ಎಂಬತ್ತರ ದಶಕದಲ್ಲಿ ರಾಯಬಾಗದ ಕಡೆ ನನ್ನ ಮೊದಲ ಶಾಖೆ. ಅಲ್ಲಿ ಎಮ್ಮೆ ಸಾಲದ ಜೊತೆ ಎಮ್ಮೆಗೊಂದು ವಿಮೆ ಇರುತ್ತಿತ್ತು. ಎಮ್ಮೆಯ ಕಿವಿಗೆ ನಂಬರಿನ ಬಿಲ್ಲೆ ಹೊಡೆಯುತ್ತಿದ್ದರು. ಎಮ್ಮೆ ಸತ್ತರೆ ಬಿಲ್ಲೆಯ ಸಮೇತ ಆ ಕಿವಿಯನ್ನು ಕೊಯ್ದು ತರಬೇಕು, ಆಗಲೇ ಪರಿಹಾರ. ಕೆಲಸಕ್ಕೆ ಸೇರಿದ ಹದಿನೈದು ದಿನದೊಳಗೆ ಒಬ್ಬ ಮುದುಕ ನನ್ನ ಲೆಡ್ಜರಿನ ಮೇಲೆ ಅರಿವೆಯ ಗಂಟೊಂದನ್ನು ಇಟ್ಟು, "ಬಿಚ್ಚಿ ನೋಡ್ರಿ ಸಾಹೇಬ್ರ, ನಂಬರ ಬರಕೋರ್ರಿ" ಅಂದ. ಬುತ್ತಿ ಇರಬೇಕೆಂದು ಬಿಚ್ಚಿದೆ. ಎದ್ದು ಹೊರಗೆ ಹೋದವನು ಅರ್ಧ ತಾಸು ಒಳಗೆ ಬರಲಿಲ್ಲ. ಮುದುಕನಿಗೆ ಪರಿಹಾರ ಬಂತು, ಬೇರೆ ಎಮ್ಮೆಯೂ ಬಂತು. ಆ ಪದ್ಧತಿಯಲ್ಲಿ ಒಂದು ಸತ್ಯವಿತ್ತು: ಕಿವಿ ಇದ್ದರೆ ಎಮ್ಮೆ ಇತ್ತು.

ಕೆಲವು ವರ್ಷಗಳ ಮೇಲೆ ನಿಪ್ಪಾಣಿಗೆ ಬಂದೆ. ಇಲ್ಲಿ ಯಾರೂ ಯಾರ ಕಿವಿಯನ್ನೂ ನೋಡುತ್ತಿರಲಿಲ್ಲ.

ನಮ್ಮ ಶಾಖೆಯ ಹಿಂದೆ ತಂಬಾಕಿನ ವಖಾರಿ. ಮಧ್ಯಾಹ್ನ ಗಾಳಿ ತಿರುಗಿದರೆ ಕೌಂಟರಿನ ಆಚೆಯವರೂ ಈಚೆಯವರೂ ಕೂಡಿಯೇ ಸೀನುತ್ತಿದ್ದೆವು. ಮ್ಯಾನೇಜರು ಒಳ್ಳೆಯ ಮನುಷ್ಯ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ನನ್ನ ರಜೆಯ ಅರ್ಜಿಯನ್ನು ಅವರೇ ಬರೆದು, ನನ್ನ ಸಹಿಯಷ್ಟನ್ನೇ ತೆಗೆದುಕೊಂಡಿದ್ದರು. ಆದರೆ ವಿಮಾ ಕಂಪನಿಯ ಏಜೆನ್ಸಿ ಅವರ ಹೆಂಡತಿಯ ಹೆಸರಿನಲ್ಲಿತ್ತು, ಪಾಲಿಸಿಗಳ ಕಮಿಷನ್ನು ಅವರ ಮನೆಗೇ ಹೋಗುತ್ತಿತ್ತು. ಶಾಖೆಯಲ್ಲಿ ಎಲ್ಲರಿಗೂ ಅದು ಗೊತ್ತು, ಯಾರೂ ಮಾತಾಡುತ್ತಿರಲಿಲ್ಲ. ಆಗ ಅದು ಅಂಥ ದೊಡ್ಡ ಸಂಗತಿ ಎಂದು ನನಗೂ ಅನ್ನಿಸಿರಲಿಲ್ಲ.

ಪ್ರತಿ ಮಾರ್ಚಿನಲ್ಲಿ ಚಿಕ್ಕೋಡಿಯಿಂದ ವಿಮಾ ಕಂಪನಿಯ ಅಧಿಕಾರಿ ಖಾಲಿ ಫಾರಂಗಳ ಚೀಲ ತರುತ್ತಿದ್ದ. "ಸಾಹೇಬ್ರ, ಈ ಸಲ ಟಾರ್ಗೆಟ್ಟಿಗೆ ತಟಗು ಕಡಿಮಿ ಬಿದ್ದೈತ್ರಿ" ಎನ್ನುತ್ತಿದ್ದ. ಮ್ಯಾನೇಜರು ನನ್ನನ್ನು ಕರೆಯುತ್ತಿದ್ದರು. ನಾನು ಸಾಲದ ಲೆಡ್ಜರಿನಿಂದ ಹೆಸರುಗಳನ್ನು ಎತ್ತಿ ಪಟ್ಟಿ ಮಾಡುತ್ತಿದ್ದೆ. ಕೆಳಗೆ "ಸ್ವತ್ತನ್ನು ಕಣ್ಣಾರೆ ನೋಡಿದ್ದೇನೆ" ಎಂದು ಅಚ್ಚಾಗಿದ್ದ ಸಾಲಿನ ಮೇಲೆ ಮ್ಯಾನೇಜರ ಸಹಿ ಬೀಳುತ್ತಿತ್ತು. ವಿಮೆಯ ಕಂತು ಸಾಲಗಾರರ ಖಾತೆಯಿಂದ ತಾನಾಗಿ ಹೋಗುತ್ತಿತ್ತು. ಅವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಯಾರಿಗೂ ನಾವು ಹೇಳಿರಲಿಲ್ಲ.

ಆ ವರ್ಷ, ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಬರೆದ ಪಟ್ಟಿಯಲ್ಲಿ ಮೂವತ್ತೊಂದು ಹೆಸರುಗಳಿದ್ದವು. ಮೊದಲನೆಯವನು ಬೋರಗಾಂವದ ನಿಜವಾದ ಕೋಳಿ ಸಾಕಣೆಗಾರ. ಅವನ ಹೆಸರಿನ ಮುಂದೆ "ಕೋಳಿ, ಇನ್ನೂರು" ಎಂದು ಬರೆದೆ. ಅದರ ಕೆಳಗೆ, ಮೂವತ್ತು ಹೆಸರುಗಳ ಮುಂದೆ, ಡಿಟ್ಟೊ ಗುರುತು ಹಾಕುತ್ತ ಹೋದೆ. ಲೆಡ್ಜರು ಬರೆಯುವವರ ಕೈಗೆ ಅದು ಉಸಿರಾಟದಷ್ಟೇ ಸಹಜ: ಮೇಲಿನದೇ ಕೆಳಗೂ ಎಂಬ ಎರಡು ಸಣ್ಣ ಗೀಟು. ಆ ಮೂವತ್ತು ಜನ ಪಂಪ್‌ಸೆಟ್ಟಿನ, ಮಗ್ಗದ, ಬಾವಿಯ ಸಾಲಗಾರರು. ಅವರ ಸ್ವತ್ತನ್ನು ಬೇರೆ ಬೇರೆ ಬರೆಯಬೇಕಿತ್ತು. ಬರೆಯಲಿಲ್ಲ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: "ವಿಮೆ ಪಟ್ಟಿ ಮುಗೀತು. ಕೈ ನೋವು."

ದಣಿವಿನಿಂದ ಹಾಗಾಯಿತೋ, ಯಾರೂ ಓದದ ಪಟ್ಟಿ ಎಂಬ ಉದಾಸೀನದಿಂದಲೋ, ಈಗ ಹೇಳಲಾರೆ. ಎರಡನೆಯದೇ ಇರಬೇಕು.

ಐದಾರು ತಿಂಗಳ ಮೇಲೆ ಅಕ್ಕೋಳದ ಸೋನಾಬಾಯಿ ಬಂದರು. ಐವತ್ತೈದರ ಆಸುಪಾಸಿನ ಜೈನ ಹೆಂಗಸು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಲ ಅವರ ಹೆಸರಿನಲ್ಲಿತ್ತು, ಉಳುಮೆ ಮೈದುನನ ಮಗ ಭೂಪಾಲನದು; ಅವನು ಅವರನ್ನು ಕಾಕು ಎನ್ನುತ್ತಿದ್ದ. ಪಂಪ್‌ಸೆಟ್ಟಿನ ಸಾಲ ತೀರಿಸಿ ಖಾತೆ ಮುಚ್ಚಲು ಇಬ್ಬರೂ ಬಂದಿದ್ದರು. ಇನ್ನೂ ಎರಡು ವರ್ಷದ ಅವಧಿ ಇದ್ದ ಸಾಲ.

"ಇಷ್ಟ ಲಗೂ ಯಾಕ್ರಿ?" ಎಂದು ಕೇಳಿದೆ.

"ಕಾಕು ದೀಕ್ಷಾ ತಗೋತಾರ್ರಿ" ಅಂದ ಭೂಪಾಲ. "ಕಾಗವಾಡದ ಕಡೆ ಮಾತಾಜಿ ಅವ್ರ ಸಂಘ ಬಂದೈತಿ. ಇನ್ನ ಮೂರ ವಾರ."

ಸೋನಾಬಾಯಿ ಆಗಲೇ ಎಲ್ಲವನ್ನೂ ಕಳಚುತ್ತಿದ್ದರು. ಹೊಲ ಭೂಪಾಲನ ಹೆಸರಿಗೆ ಹೋಗಿತ್ತು. ಬಂಗಾರ ತಂಗಿಯ ಮಕ್ಕಳಿಗೆ ಹೋಗಿತ್ತು. ರೇಷನ್ ಕಾರ್ಡಿನಿಂದಲೂ ಹೆಸರು ತೆಗೆಸಿದ್ದರು. ಸಂನ್ಯಾಸಕ್ಕೆ ಹೋಗುವವರ ಹೆಸರಿನಲ್ಲಿ ಏನೂ ಉಳಿಯಬಾರದು. ಉಳಿದಿದ್ದದ್ದು ನಮ್ಮ ಬ್ಯಾಂಕು.

ಲೆಕ್ಕ ಕೂಡಿಸುವಾಗ ಮಾರ್ಚಿನ ಒಂದು ನಮೂದಿನ ಮೇಲೆ ಭೂಪಾಲ ಬೆರಳಿಟ್ಟ. "ಇದೇನ್ರಿ? ನಾವು ಯಾವ ವಿಮಾನೂ ಮಾಡಿಲ್ಲಲ್ರಿ."

ಪಂಪ್‌ಸೆಟ್ಟಿನದಿರಬೇಕು ಎಂದು ಹೇಳುತ್ತಲೇ ಕಡತ ತೆಗೆದೆ. ನನ್ನದೇ ಅಕ್ಷರದ ಪಟ್ಟಿ. ಹದಿನೇಳನೆಯ ಹೆಸರು. ಡಿಟ್ಟೊ. ಬೆರಳು ಮೇಲಕ್ಕೆ ಹೋಯಿತು, ಮತ್ತೆ ಮೇಲಕ್ಕೆ. ಪಾಲಿಸಿಯ ಹಾಳೆಯನ್ನು ನೋಡಿದರೆ ಅಲ್ಲಿ ಡಿಟ್ಟೊ ಕೂಡ ಇರಲಿಲ್ಲ, ಪೂರ್ತಿ ಟೈಪು ಮಾಡಿದ್ದರು. ಓದಿ ಹೇಳದೆ ಗತಿ ಇರಲಿಲ್ಲ. "ಸೋನಾಬಾಯಿ, ಅಕ್ಕೋಳ. ಕೋಳಿ, ಇನ್ನೂರು."

ನಮ್ಮ ಪ್ಯೂನ್ ಮಹಾದೇವನೂ ಅಕ್ಕೋಳದವನೇ. ಚಹದ ಕಪ್ಪುಗಳನ್ನು ಎತ್ತುತ್ತಿದ್ದವನು ನಿಂತ. "ಇನ್ನೂರ ಕೋಳಿ ಸಾಕೀರಿ ಅಕ್ಕಾರ, ಓಣ್ಯಾಗಿನವ್ರಿಗೆ ಒಂದ ತತ್ತಿನೂ ತೋರಸಲಿಲ್ಲಲ್ರಿ" ಅಂದ. ಕ್ಯೂನಲ್ಲಿದ್ದ ನಾಲ್ಕು ಮಂದಿ ನಕ್ಕರು. ಸೋನಾಬಾಯಿಯ ಮುಖ ನೋಡಿ ಮಹಾದೇವನೇ ಕಪ್ಪು ತೆಗೆದುಕೊಂಡು ಒಳಗೆ ಹೋದ.

ಸೋನಾಬಾಯಿಯ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕುಡಿಯುವ ನೀರನ್ನು ಸೋಸದೆ ಬಳಸುವುದಿಲ್ಲ. ಹುಳ ಕಂಡ ಹಿಟ್ಟನ್ನು ಒಲೆಯ ಹತ್ತಿರ ಒಯ್ಯುವುದಿಲ್ಲ.

"ಎಲ್ಲಿ ಅದಾವ್ರಿ ಅವು?" ಎಂದು ಸೋನಾಬಾಯಿ ಕೇಳಿದರು.

"ಎಲ್ಲೂ ಇಲ್ರಿ. ಬರೇ ಕಾಗದದಾಗ."

"ಹಂಗಾರ ಕಾಗದದಾಗೂ ಬ್ಯಾಡ್ರಿ."

ಮ್ಯಾನೇಜರ ಕೋಣೆಗೆ ಕರೆದುಕೊಂಡು ಹೋದೆ. ಅವರು ಪಾಲಿಸಿಯನ್ನು ಓದಿ, ನನ್ನ ಕಡೆ ಒಮ್ಮೆ ನೋಡಿ, ಸಮಾಧಾನದ ದನಿಯಲ್ಲಿ ಹೇಳಿದರು: "ಬಾಯಿ, ಚಿಂತಿ ಮಾಡಬ್ಯಾಡ್ರಿ. ಮಾರ್ಚ್ ಬಂತಂದ್ರ ಅದರ ಮುದ್ದತ ತಾನ ಮುಗೀತೈತಿ. ಕಂತಿನ ರೊಕ್ಕ ನಾನ ಕೈಯಿಂದ ಕೊಡತೇನಿ, ಈಗ ತಗೋರ್ರಿ."

"ನನಗ ರೊಕ್ಕ ಬ್ಯಾಡ್ರಿ ಸಾಹೇಬ್ರ. ನನ್ನ ಹೆಸರ ಕೊಡ್ರಿ."

"ಮಾರ್ಚ್ ತನಕ ಅಷ್ಟ ರಿ."

"ಮಾರ್ಚಿನ್ಯಾಗ ನಾ ಎಲ್ಲಿರತೀನೋ. ಅಲ್ಲಿ ತನಕ ಇನ್ನೂರ ಜೀವಾ ನನ್ನ ಹೆಸರಿನ್ಯಾಗ ಇರತಾವಲ್ರಿ. ಇದ್ದಾವೋ ಇಲ್ಲೋ, ಬರದದ್ದು ಬರದಾಂಗ. ಅವನ್ನ ಇಟಗೊಂಡು ನಾ ಮಾತಾಜಿ ಮುಂದ ಹೆಂಗ ನಿಂದರಲಿ? ಎಲ್ಲಾ ಬಿಟ್ಟೇನಿ ಅಂತ ಹೆಂಗ ಹೇಳಲಿ?"

ನನ್ನ ನೆನಪಿನ ಪ್ರಕಾರ ಇಲ್ಲಿ ನಾನು ಮ್ಯಾನೇಜರಿಗೆ "ಇದನ್ನು ರದ್ದು ಮಾಡಲೇಬೇಕು ಸರ್" ಎಂದು ಹೇಳಿದೆ. ಡೈರಿಯಲ್ಲಿ "ಏನೂ ಮಾತಾಡಲಿಲ್ಲ" ಎಂದಿದೆ. ಡೈರಿಯನ್ನು ನಂಬಿ.

ಮರುದಿನ ಅರ್ಧ ದಿನದ ರಜೆ ಹಾಕಿ, ಭೂಪಾಲನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಚಿಕ್ಕೋಡಿಯ ವಿಮಾ ಕಚೇರಿಗೆ ಹೋದೆ. ಅದೇ ಮಾರ್ಚಿನ ಅಧಿಕಾರಿ ಸಿಕ್ಕ. ವಿಷಯ ಕೇಳಿ ಹಗುರಾದ. "ಇಷ್ಟ ಏನ್ರಿ? ಕೋಳಿ ಬ್ಯಾನಿ ಬಂದು ಸತ್ತಾವ ಅಂತ ಒಂದ ಅರ್ಜಿ ಬರೀರಿ. ಪಾಲಿಸಿನೂ ಮುಗೀತು, ಬಾಯಿಗೆ ನಾಕ ದುಡ್ಡೂ ಬಂತು."

ಭೂಪಾಲ ಎದ್ದು ನಿಂತ. "ಇನ್ನೂರ ಕೋಳಿ ಸತ್ತದ್ದು ಕಾಕುನ ತಲಿ ಮ್ಯಾಲ ಹಾಕತೀರೇನ್ರಿ?"

"ಬ್ಯಾಡಾದ್ರ ಮಾರ್ಯಾರ ಅಂತ ಬರೀರಿ."

"ಮಾರಿದ ಕೋಳಿ ಎಲ್ಲಿ ಹೋಗತೈತ್ರಿ? ತಗೊಂಡಾಂವ ಅದನ್ನ ಏನ ಪೂಜಾ ಮಾಡತಾನ?"

ಅಧಿಕಾರಿ ಪೆನ್ನು ಕೆಳಗಿಟ್ಟ. "ಹಂಗಾರ ಏನ ಬರೀಬೇಕ್ರಿ? ಸಾಯಲಿಲ್ಲ, ಮಾರಲಿಲ್ಲ. ಮೂರನೇದ್ದು ನಮ್ಮ ಫಾರಂದಾಗ ಇಲ್ಲ."

ಇರುವ ಮೂರನೆಯದು ಒಂದೇ: ಕೋಳಿಗಳು ಎಂದೂ ಇರಲಿಲ್ಲ. ಹಾಗೆ ಬರೆದರೆ, ಇಲ್ಲದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು ಸಹಿ ಹಾಕಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಮ್ಯಾನೇಜರು ಅದನ್ನು ಬರೆಯುವವರಲ್ಲ. ಅವರು ಬರೆಯದೆ ಕಂಪನಿ ರದ್ದು ಮಾಡುವುದಿಲ್ಲ. ವಾಪಸು ಬರುವಾಗ ನಿಪ್ಪಾಣಿ ಹತ್ತಿರ ಭೂಪಾಲ, "ಕಾಕು ಹೋಗೂದು ನನಗೇನ ಮನಸಿಲ್ರಿ" ಅಂದ. "ನನ್ನ ಬೆಳಸಿದಾಕಿ. ಕೋಳಿ ದೆಸಿಂದ ಆದ್ರೂ ನಿಂದರತಾಳ ಅಂತ ನಿನ್ನೆ ಒಂದ ಗಳಿಗಿ ಖುಷಿ ಆಗಿತ್ತು. ಆದ್ರ ಆಕಿ ಊಟ ಬಿಟ್ಟಾಳ್ರಿ. ಹೆಂಗಾರ ಮಾಡಿ ಬಿಡಸ್ರಿ."

ಒಂದು ವಾರ ಹೀಗೇ ಹೋಯಿತು. ಆ ಮಾತು ಬಂದರೆ ಮ್ಯಾನೇಜರು ಬೇರೆ ಕಡತ ತೆಗೆಯುತ್ತಿದ್ದರು. ಭೂಪಾಲ ದಿನ ಬಿಟ್ಟು ದಿನ ಬಂದು ಕೌಂಟರಿನ ಮುಂದೆ ನಿಂತು, ಏನೂ ಕೇಳದೆ ಹೋಗುತ್ತಿದ್ದ. "ಕಾಕು ಬರೇ ನೀರ ಕುಡೀತಾಳ್ರಿ" ಎಂದು ಒಮ್ಮೆ ಮಹಾದೇವನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೆ ಕೇಳಲಿ ಎಂದೇ ಹೇಳಿದ್ದನೋ ಏನೋ.

ಕೊನೆಗೆ ನಾನೊಂದು ಪತ್ರ ಬರೆದೆ. ಅದರ ನಕಲು ಡೈರಿಯಲ್ಲಿ ಇದೆ, ಆದ್ದರಿಂದ ಇದರಲ್ಲಿ ನೆನಪಿನ ಕೈವಾಡ ಇಲ್ಲ. "ಸದರಿ ಪಟ್ಟಿಯನ್ನು ಬರೆದವನು ನಾನು. ಹದಿನೇಳನೆಯ ಹೆಸರಿನ ಮುಂದೆ ಡಿಟ್ಟೊ ಗುರುತು ನನ್ನ ತಪ್ಪಿನಿಂದ ಬಿದ್ದಿದೆ. ಸದರಿಯವರ ಬಳಿ ಕೋಳಿಗಳು ಎಂದೂ ಇರಲಿಲ್ಲ." ಕೆಳಗೆ ನನ್ನ ಸಹಿ. ಮ್ಯಾನೇಜರ ಮೇಜಿನ ಮೇಲಿಟ್ಟೆ. ತಪ್ಪು ಗುಮಾಸ್ತನದಾದರೆ ಅವರ ಸಹಿ ಬರೀ ನಂಬಿಕೆಯ ಸಹಿಯಾಗುತ್ತದೆ. ಅದು ಅವರಿಗೆ ತಕ್ಷಣ ತಿಳಿಯಿತು. ಮೇಲೊಂದು ಮುದ್ರೆ ಹಾಕಿ ಕೊಟ್ಟರು. "ಮೆಮೊ ಬರತೈತಿ ನಿಮಗ" ಅಂದರು.

"ಬರಲ್ರಿ ಸರ್."

ಇದನ್ನು ತ್ಯಾಗ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಆ ನಕಲನ್ನು ಓದಿದರೆ ಬೇರೆಯದೇ ಕಾಣುತ್ತದೆ. ಹದಿನೇಳನೆಯ ಡಿಟ್ಟೊ ತಪ್ಪಾದರೆ ಹದಿನಾರನೆಯದೂ ಹದಿನೆಂಟನೆಯದೂ ತಪ್ಪೇ. ಚಿಕ್ಕೋಡಿಯ ಅಧಿಕಾರಿ ಪತ್ರ ತೆಗೆದುಕೊಳ್ಳುವಾಗ ಕನ್ನಡಕದ ಮೇಲಿಂದ ನೋಡಿ, "ಒಂದ ಹೆಸರಷ್ಟ ಏನ್ರಿ?" ಎಂದು ಕೇಳಿದ. ನಾನು "ಒಂದ ರಿ" ಅಂದೆ. ಸೋನಾಬಾಯಿ ಕೇಳಿದ್ದರು, ಅವರಿಗೆ ಸಿಕ್ಕಿತು. ಕೇಳದವರು ಕೋಳಿ ಸಾಕುತ್ತ ಇರಲಿ ಎಂದು ನಾನೇ ಬಿಟ್ಟುಬಂದಿದ್ದೆ.

ರದ್ದತಿಯ ಕಾಗದ ದೀಕ್ಷೆಗೆ ನಾಲ್ಕು ದಿನ ಇರುವಾಗ ಬಂತು. ಭೂಪಾಲನಿಗೆ ಹೇಳಿ ಕಳಿಸಿದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲಿದ್ದರು. ಸೋನಾಬಾಯಿ ಸೊರಗಿ ಹೋಗಿದ್ದರು. ಓದಲು ಬರುತ್ತಿರಲಿಲ್ಲವಾದ್ದರಿಂದ ನಾನೇ ಓದಿದೆ: ಇಂಥ ಪಾಲಿಸಿ ಶುರುವಿನ ದಿನದಿಂದಲೇ ರದ್ದು, ಸದರಿ ಹೆಸರಿನಲ್ಲಿ ಏನೂ ಇಲ್ಲ.

"ಇನ್ನೊಮ್ಮೆ ಓದ್ರಿ" ಅಂದರು.

ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಭೂಪಾಲ ಗೋಡೆಯ ಕಡೆ ತಿರುಗಿ ನಿಂತ.

ಖಾತೆ ಮುಚ್ಚಿ ಹೊರಡುತ್ತಾರೆ ಅಂದುಕೊಂಡೆ. ಅವರು ಹೊರಡಲಿಲ್ಲ. ದೀಕ್ಷೆಗೆ ಹೋಗುವವರು ಬದುಕಿನಲ್ಲಿ ತಮಗೆ ಗಂಟು ಬಿದ್ದವರ ಹತ್ತಿರವೆಲ್ಲ ಹೋಗಿ ಕ್ಷಮೆ ಕೇಳುತ್ತಾರೆ. ಅದು ನನಗೆ ಗೊತ್ತಿತ್ತು. ಬ್ಯಾಂಕಿಗೂ ಬಂದು ಕೇಳುತ್ತಾರೆ ಎಂದು ಎಣಿಸಿರಲಿಲ್ಲ. ಮೊದಲು ಮಹಾದೇವನ ಮುಂದೆ ಕೈಮುಗಿದು ನಿಂತರು. "ನನ್ನಿಂದ ಏನರ ತಪ್ಪ ಆಗಿದ್ರ ಕ್ಷಮಾ ಮಾಡಪಾ." ಮಹಾದೇವ ಚಹದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನೆಲದ ಮೇಲಿಟ್ಟು, "ಅಕ್ಕಾರ, ಅವತ್ತ ನಗಿಚಾಟಕಿ ಮಾಡಿದಾಂವ ನಾನ ರಿ, ನೀವ್ಯಾಕ ಕೇಳತೀರಿ" ಎಂದು ತಾನೇ ಬಾಗಿದ. ಆಮೇಲೆ ಮ್ಯಾನೇಜರ ಕೋಣೆ. ಅಲ್ಲಿ ಏನು ನಡೆಯಿತೋ ನಾನು ನೋಡಲಿಲ್ಲ. ಆದರೆ ಅವರು ಹೊರಬಂದಾಗ ಮ್ಯಾನೇಜರೂ ಬಾಗಿಲ ತನಕ ಬಂದರು. ಯಾವ ದೊಡ್ಡ ಠೇವಣಿದಾರನಿಗೂ ಹಾಗೆ ಎದ್ದು ಬಂದದ್ದನ್ನು ನಾನು ಕಂಡಿರಲಿಲ್ಲ.

ಕೊನೆಗೆ ನನ್ನ ಮುಂದೆ ಕೈಮುಗಿದರು. ನನಗೆ ತಡೆಯಲಾಗಲಿಲ್ಲ. "ಬಾಯಿ, ಆ ಪಟ್ಟಿ ಬರದಾಂವ ನಾನ ರಿ" ಅಂದೆ.

"ಗೊತ್ತೈತಿ ತಮ್ಮಾ" ಅಂದರು. "ಅವತ್ತ ಓದೂ ಮುಂದ ನಿನ್ನ ಮಾರಿ ನೋಡಿದ್ನಿ."

ಹೋಗಲು ತಿರುಗಿದವರು ನಿಂತರು. "ನನ್ನ ಹೆಸರ ಹುಡುಕೂ ಮುಂದ ನಿನ್ನ ಬೆರಳ ಬಾಳ ಮ್ಯಾಲಿಂದ ಇಳದು ಬಂತು. ನನ್ನ ಕೆಳಗೂ ಮಂದಿ ಇದ್ರು. ಅವ್ರ ಕೋಳಿ?"

ಈ ಪ್ರಶ್ನೆಯನ್ನು ಅವರು ಕೇಳಿದರೇ? ಡೈರಿಯಲ್ಲಿ ಇಲ್ಲ. "ಸೋನಾಬಾಯಿ ಬಂದಿದ್ದರು. ಖಾತೆ ಬಂದ್" ಎಂದು ಮಾತ್ರ ಇದೆ. ನನ್ನೊಳಗಿನ ಪ್ರಶ್ನೆಯನ್ನು ಕಾಲ ಕಳೆದಂತೆ ಅವರ ಬಾಯಿಗೆ ಹಾಕಿದೆನೇನೋ. ಆದರೆ ಮರುದಿನದ ಪುಟದಲ್ಲಿ ಎರಡನೆಯ ಪತ್ರದ ನಕಲು ಇದೆ. ಉಳಿದ ಇಪ್ಪತ್ತೊಂಬತ್ತು ಹೆಸರುಗಳು, ಒಂದೊಂದರ ಮುಂದೆಯೂ ಪೂರ್ತಿ ವಾಕ್ಯ: ಇವರು ವಿಮೆ ಕೇಳಿರಲಿಲ್ಲ, ಇವರ ಬಳಿ ಕೋಳಿಗಳು ಎಂದೂ ಇರಲಿಲ್ಲ. ಒಂದು ಕಡೆಯೂ ಡಿಟ್ಟೊ ಇಲ್ಲ.

ಮ್ಯಾನೇಜರು ಆ ಪತ್ರವನ್ನು ಎರಡು ದಿನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. ಇದಕ್ಕೆ ಸಹಿ ಹಾಕಿದರೆ ಅದು ಗುಮಾಸ್ತನ ಕೈತಪ್ಪು ಎಂದು ಯಾರೂ ನಂಬುವುದಿಲ್ಲ. ಏಜೆನ್ಸಿಯ ಮಾತೂ ಬರುತ್ತದೆ. ಮೂರನೆಯ ದಿನ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ನಮ್ಮ ಮನ್ಯಾಗ ಏನಂತ ಹೇಳಲ್ರಿ?"

"ಕೋಳಿ ಇರಲಿಲ್ಲ ಅಂತ ಹೇಳ್ರಿ ಸರ್" ಅಂದೆ. ಧೈರ್ಯದಿಂದ ಅಂದದ್ದಲ್ಲ, ಬೇರೇನೂ ಹೊಳೆಯಲಿಲ್ಲ.

ಅವರು ನಕ್ಕುಬಿಟ್ಟರು. ಬಹಳ ದಿನದ ಮೇಲೆ ನಕ್ಕವರ ಹಾಗೆ, ಕನ್ನಡಕ ತೆಗೆದು ಕಣ್ಣೊರಸಿಕೊಂಡು ನಕ್ಕರು. ಸಹಿ ಹಾಕಿದರು. "ಆ ಬಾಯಿ ಬಂದು ನನ್ನ ಕ್ಷಮಾ ಕೇಳಿದ್ರು" ಅಂದರು. "ನನ್ನ. ಎರಡ ದಿನ ಅನ್ನ ಇಳೀಲಿಲ್ಲ ನನಗ. ಒಯ್ರಿ ಇದನ್ನ."

ವಿಚಾರಣೆಗೆ ಒಬ್ಬ ಮೇಲಧಿಕಾರಿ ಬಂದು ಹೋದರು. ನನಗೆ ಎರಡನೆಯ ಮೆಮೊ ಬಂತು, ಅವರಿಗೂ ಒಂದು ಬಂತು. ಅವರ ಮನೆಯವರು ಏಜೆನ್ಸಿ ಬಿಟ್ಟರು. ನಾವು ಹೆದರಿದ್ದರ ಕಾಲು ಭಾಗವೂ ಆಗಲಿಲ್ಲ. ಇಪ್ಪತ್ತೊಂಬತ್ತು ಖಾತೆಗಳಿಗೂ ಕಂತು ವಾಪಸು ಬಿತ್ತು. ಏನಿದು ಎಂದು ಕೇಳಲು ಬಂದವರು ನಾಲ್ಕೇ ಮಂದಿ. ಅವರಲ್ಲಿ ಒಬ್ಬ, ಬೋರಗಾಂವದ ಮಗ್ಗದವನು, ಪೂರ್ತಿ ಕಥೆ ಕೇಳಿ, "ಇರಲಿ ಬಿಡಬೇಕಿತ್ರಿ ಸಾಹೇಬ್ರ, ಪಾವಣೇರ, ಬೀಗರ ಬಂದಾಗ ಕೊಯ್ಯಾಕ ಆಕ್ಕಿದ್ವು" ಅಂದ. ಮುಂದಿನ ಮಾರ್ಚಿನಿಂದ ಸಾಲಗಾರ ಬಂದು, ಕೇಳಿಸಿಕೊಂಡು, ಸಹಿ ಅಥವಾ ಹೆಬ್ಬೆಟ್ಟು ಒತ್ತದೆ ನಮ್ಮ ಶಾಖೆಯಿಂದ ಒಂದು ವಿಮೆಯೂ ಹೋಗಲಿಲ್ಲ. ಬೇಕು ಅಂದವರೂ ಇದ್ದರು, ಅವರಿಗೆ ಮಾಡಿಸಿದೆವು. ಕಂಪ್ಯೂಟರು ಬರುವವರೆಗೆ ನಾನು ಪಟ್ಟಿಯ ಪ್ರತಿ ಸಾಲನ್ನೂ ಪೂರ್ತಿ ಬರೆದೆ. ನಿಧಾನದ ಗುಮಾಸ್ತ ಎಂದು ಹೆಸರು ಬಂತು.

ಆ ಚಳಿಗಾಲದಲ್ಲಿ ಕೆಲಸದ ಮೇಲೆ ಅಥಣಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಗವಾಡ ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಐದಾರು ಮಂದಿ ಮಾತಾಜಿಯರು ಬಿಳಿ ಸೀರೆಯಲ್ಲಿ, ಕೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು, ನೆಲ ನೋಡುತ್ತ ಬರಿಗಾಲಲ್ಲಿ ನಡೆಯುತ್ತಿದ್ದರು. ಡ್ರೈವರು ಧೂಳೆಬ್ಬಿಸದೆ ನಿಧಾನ ಮಾಡಿದ. ನಾನು ಕಿಟಕಿಯಿಂದ ಒಬ್ಬೊಬ್ಬರನ್ನೇ ನೋಡಿದೆ. ಸೋನಾಬಾಯಿ ಅವರಲ್ಲಿ ಇದ್ದರೋ ಇಲ್ಲವೋ ತಿಳಿಯಲಿಲ್ಲ. ದೀಕ್ಷೆಯ ದಿನವೇ ಅವರ ಹೆಸರು ಬದಲಾಗಿತ್ತು. ಹೊಸ ಹೆಸರನ್ನು ಭೂಪಾಲ ಒಮ್ಮೆ ಹೇಳಿದ್ದ, ನಾನು ಬರೆದಿಟ್ಟುಕೊಂಡಿರಲಿಲ್ಲ. ನಮ್ಮ ಯಾವ ಲೆಡ್ಜರಿನಲ್ಲೂ ಅದು ಇರಲಿಲ್ಲ.